ಮೂರು ನಿಘಂಟು, ಒಂದು ಚೀನೀ ಕಾಗದ

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಇದು ನಾನು ಹೇಳಿದ ಮಾತಲ್ಲ. ನಾನು ಮೇಷ್ಟ್ರಾಗಿದ್ದ ಪಿರಿಯಾಪಟ್ಟಣದ ಮಿಡಲ್ ಸ್ಕೂಲಿನ ಹೆಡ್‌ಮಾಸ್ಟರಿಂದ ಹಿಡಿದು ಹಾರನಹಳ್ಳಿಯ ಶಾನುಭೋಗರವರೆಗೆ ಎಲ್ಲರೂ ಹೇಳಿದ ಮಾತು. ನಾನು ಅದನ್ನು ಅಲ್ಲಗಳೆಯಲಿಲ್ಲ, ಅಷ್ಟೆ. ಲಗ್ನಪತ್ರಿಕೆಯಾಗಲಿ, ಅಮಲ್ದಾರರಿಗೆ ಕೊಡುವ ಅರ್ಜಿಯಾಗಲಿ, ತೀರಿಕೊಂಡವರ ವೈಕುಂಠ ಸಮಾರಾಧನೆಯ ಕಾಗದವಾಗಲಿ, ಜನ ನನ್ನ ಜಗಲಿಗೇ ಬರುತ್ತಿದ್ದರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯುತ್ತಿದ್ದೆ. ಇಷ್ಟು ಬಂದವನಿಗೆ ಚೀನೀ ಏಕೆ ಬರಬಾರದು? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡೆ. ಅಲ್ಲಿಂದ ಕೆಟ್ಟಿತು!

ನಮ್ಮ ಮನೆಯ ಹಿತ್ತಲ ಕಡೆಯ ಕೊಠಡಿಯಲ್ಲಿ ಒಬ್ಬ ಚೀನದವನಿದ್ದ. ಸೈಕಲ್ಲಿನ ಹಿಂದೆ ರೇಷ್ಮೆ ಬಟ್ಟೆಯ ಗಂಟು ಕಟ್ಟಿಕೊಂಡು ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಅದರಾಚೆ ಕಾಡಂಚಿನ ಬೇಗೂರಿನವರೆಗೂ ಸುತ್ತಿ ಮಾರುತ್ತಿದ್ದ. ಅವನ ಹೆಸರು ವಾಂಗ್. ಆ ಹೆಸರು ಕೇಳಿದರೆ ನಮ್ಮೂರಿನವರಿಗೆ ವಾಂಗೀಭಾತು ನೆನಪಾಗುತ್ತಿತ್ತು. ಆದ್ದರಿಂದ ನನ್ನ ಹೆಂಡತಿ ಗೌರಮ್ಮ ಅವನಿಗೆ ‘ಚೀನಪ್ಪ’ ಎಂದು ನಾಮಕರಣ ಮಾಡಿದಳು. ಎಂಟು ವರ್ಷದಲ್ಲಿ ಅವನು ಹಳ್ಳಿಯವರಿಂದಲೇ ಕನ್ನಡ ಕಲಿತಿದ್ದ. ಕಣ್ಣು ಮುಚ್ಚಿಕೊಂಡು ಕೇಳಿದರೆ ಕೋಟೆ ಕಡೆಯ ಗೌಡನೊಬ್ಬ ಮಾತಾಡಿದಂತಿರುತ್ತಿತ್ತು.

ಅವನಿಗೆ ಮಾತು ಬರುತ್ತಿತ್ತು, ಓದು ಬರಹ ಬರುತ್ತಿರಲಿಲ್ಲ. ಯಾವ ಭಾಷೆಯದೂ! ಮೊದಲು ಅವನ ಜೊತೆಗೆ ವಯಸ್ಸಾದ ಇನ್ನೊಬ್ಬ ಚೀನದವನಿದ್ದ. ಊರಿಗೆ ಕಾಗದ ಬರೆದುಕೊಡುತ್ತಿದ್ದವನು ಅವನೇ. ಜಪಾನಿನವರು ಚೀನದ ಮೇಲೆ ಬಿದ್ದ ಸುದ್ದಿ ಬಂದೊಡನೆ ಆ ಮುದುಕ ಕಲ್ಕತ್ತೆಗೆ ಹೊರಟುಹೋದ. ಹೋಗುವಾಗ ಊರಿನಲ್ಲಿದ್ದ ಚೀನಪ್ಪನ ಅಣ್ಣನ ವಿಳಾಸ ಬರೆದ ಒಂದು ಕಟ್ಟು ಲಕೋಟೆ ಇಟ್ಟುಹೋಗಿದ್ದ. ಲಕೋಟೆ ಇತ್ತು, ಅದರೊಳಗೆ ಹಾಕುವುದಕ್ಕೆ ಕಾಗದ ಬರೆಯುವವರಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಬೇಗೂರಿನ ಕಡೆ ಹೋಗಿ ಬಂದ ಚೀನಪ್ಪನಿಗೆ ಚಳಿಜ್ವರ ಹಿಡಿಯಿತು. ಹತ್ತೊಂಬತ್ತು ದಿನ ಮೇಲೇಳಲಿಲ್ಲ. ಗೌರಮ್ಮ ಗಂಜಿ ಕಾಯಿಸಿ ಕೊಟ್ಟಳು. ನಾನು ಆಸ್ಪತ್ರೆಯಿಂದ ಕ್ವಿನೈನು ತಂದೆ. ಜ್ವರ ಏರಿದಾಗ ತನ್ನ ಭಾಷೆಯಲ್ಲಿ ಯಾರನ್ನೋ ಕೂಗುತ್ತಿದ್ದ. ಇಳಿದಾಗ ಗೋಡೆ ನೋಡಿಕೊಂಡು ಮಲಗುತ್ತಿದ್ದ. ಇಪ್ಪತ್ತನೆಯ ದಿನ ಗೋಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕುಳಿತ.

“ಮೇಷ್ಟ್ರೇ, ನಾನು ಊರಿಗೆ ಕಾಗದ ಆಕಿ ಎಲ್ಡು ವರ್ಸ ಆಯ್ತು. ನನ್ ಎಂಡ್ತಿ ನಾನು ಸತ್ತೋದೆ ಅನ್ಕಂಡಿರ್ತಾಳೆ. ಬೆಂಗ್ಳೂರಲ್ಲಿ ನಮ್ಮೋನೊಬ್ಬ ಹಲ್ ಡಾಕ್ಟ್ರು ಅವ್ನೆ. ವಸಿ ಸಕ್ತಿ ಬರ್ಲಿ, ಅವನ್ತಾವ ಓಗಿ ಬರೆಸ್ಕಂಡು ಬತ್ತೀನಿ.”

“ಒಂದು ಕಾಗದಕ್ಕೆ ಬೆಂಗಳೂರೇ? ನಾನಿಲ್ಲವೇನಯ್ಯಾ?” ಎಂದೆ.

ಒಳಗಿನಿಂದ ಗೌರಮ್ಮ ತಲೆ ಹೊರಗೆ ಹಾಕಿದಳು. “ನಿಮಗೆ ಚೀನೀ ಬತ್ತದಾ?”

“ಕಲಿತರೆ ಬರುತ್ತದೆ. ಅವನು ಕನ್ನಡದಲ್ಲಿ ಹೇಳುತ್ತಾನೆ, ನಾನು ಇಂಗ್ಲಿಷಿಗೆ ತಿರುಗಿಸುತ್ತೇನೆ, ಇಂಗ್ಲಿಷಿನಿಂದ ನಿಘಂಟು ನೋಡಿ ಚೀನೀ ಅಕ್ಷರ ಬರೆಯುತ್ತೇನೆ. ಮೂರೇ ಮೆಟ್ಟಿಲು!”

“ಮೂರು ಮೆಟ್ಲಲ್ಲಿ ಎಷ್ಟು ಜನ ಬಿದ್ದು ಸೊಂಟ ಮುರ್ಕಂಡವ್ರೆ ಕಣ್ರೀ. ಹಲ್ ಡಾಕ್ಟ್ರತ್ರ ಓಗ್ಲಿ ಬುಡಿ.”

ನಾನು ಬಿಡಲಿಲ್ಲ. ಚೀನಪ್ಪನ ಮುಖ ಅರಳಿತ್ತು. ಮೇಷ್ಟ್ರು ಎಂದರೆ ಅವನಿಗೆ ಅಷ್ಟು ನಂಬಿಕೆ. ಪಾಪ!

ಮದರಾಸಿನ ಒಂದು ಪುಸ್ತಕದಂಗಡಿಗೆ ಬರೆದೆ: ‘ಚೀನೀ ಭಾಷೆಗೆ ತಮ್ಮಲ್ಲಿರುವ ಉತ್ತಮವಾದ ನಿಘಂಟನ್ನು ಕಳುಹಿಸತಕ್ಕದ್ದು.’ ಕಳುಹಿಸಿದರು. ಕೆಂಪು ರಟ್ಟಿನ ಪುಸ್ತಕ. ಇಂಗ್ಲಿಷ್ ಪದದ ಎದುರಿಗೆ ಚೀನೀ ಪದ, ಅದೂ ಇಂಗ್ಲಿಷ್ ಅಕ್ಷರದಲ್ಲಿ! ಇಡೀ ಪುಸ್ತಕದಲ್ಲಿ ಒಂದೇ ಒಂದು ಚೀನೀ ಅಕ್ಷರವಿರಲಿಲ್ಲ. ನಾನು ಬರೆಯುವುದಕ್ಕೆ ಬೇಕೆಂದು ತಿಳಿಸಿರಲಿಲ್ಲ. ಅವರು ಮಾತಾಡುವುದಕ್ಕೆಂದು ತಿಳಿದಿದ್ದರು. ಹೋಗಲಿ, ಮಾತನ್ನಾದರೂ ಪರೀಕ್ಷಿಸೋಣವೆಂದು ಚೀನಪ್ಪನನ್ನು ಎದುರಿಗೆ ಕೂರಿಸಿಕೊಂಡು ಒಂದು ಪುಟ ಗಟ್ಟಿಯಾಗಿ ಓದಿದೆ. ಅವನು ಭಯಭಕ್ತಿಯಿಂದ ಕೇಳಿದ. ಕೊನೆಗೆ ಕೈಮುಗಿದು, “ಇದು ಯಾವ್ ದೇವ್ರ ಮಂತ್ರ ಮೇಷ್ಟ್ರೇ?” ಎಂದ. ಆಮೇಲೆ ತಿಳಿಯಿತು: ಆ ಪುಸ್ತಕದ್ದು ಚೀನದ ದಕ್ಷಿಣ ತುದಿಯವರ ಮಾತು. ಚೀನಪ್ಪನದು ಎಲ್ಲೋ ಒಳನಾಡಿನ ದೊಡ್ಡ ನದಿಯ ದಂಡೆಯ ಹಳ್ಳಿ.

ಎರಡನೆಯ ಸಲ ಜಾಗರೂಕನಾದೆ. ‘ಚೀನೀ ಅಕ್ಷರಗಳುಳ್ಳ, ಅತ್ಯಂತ ದೊಡ್ಡ ನಿಘಂಟು ಬೇಕು’ ಎಂದು ಬರೆದೆ. ಅದು ಬಂದ ದಿನ ಪೋಸ್ಟ್‌ಮನ್ ಅದನ್ನು ತಲೆಯ ಮೇಲೆ ಹೊತ್ತು ತಂದ! ಬಿಡಿಸಿದರೆ ಅಕ್ಷರಗಳ ಜಾತ್ರೆ. ಆದರೆ ಇದು ಚೀನಿಯಿಂದ ಇಂಗ್ಲಿಷಿಗೆ. ಅಕ್ಷರ ಗೊತ್ತಿದ್ದರೆ ಅರ್ಥ ಸಿಗುತ್ತದೆ. ಅರ್ಥ ಗೊತ್ತಿದ್ದರೆ ಅಕ್ಷರ ಸಿಗುವುದಿಲ್ಲ. ಆ ಅಕ್ಷರಗಳಾದರೂ ವರ್ಣಮಾಲೆಯ ಕ್ರಮದಲ್ಲಿಲ್ಲ. ಚೀನಿಯಲ್ಲಿ ವರ್ಣಮಾಲೆಯೇ ಇಲ್ಲವಂತೆ! ಪ್ರತಿಯೊಂದು ಅಕ್ಷರದಲ್ಲೂ ಒಂದು ಮೂಲಭಾಗವಿರುತ್ತದೆ. ನೀರು, ಮರ, ಬಾಯಿ, ಹೆಂಗಸು ಹೀಗೆ ಇನ್ನೂರು ಚಿಲ್ಲರೆ. ಅದನ್ನು ಗುರುತಿಸಬೇಕು, ಉಳಿದ ಗೆರೆಗಳನ್ನು ಎಣಿಸಬೇಕು, ಆಮೇಲೆ ಹುಡುಕಬೇಕು. ಒಂದು ಅಕ್ಷರ ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು. ಸಿಕ್ಕಿದ್ದು ಬೇರೆ ಅಕ್ಷರ. ಗೌರಮ್ಮ ಆ ಗ್ರಂಥವನ್ನು ಅಡಿಗೆಮನೆಗೆ ತೆಗೆದುಕೊಂಡು ಹೋಗಿ, ಬೆಕ್ಕು ಬಾಯಿ ಹಾಕದಂತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಇಟ್ಟಳು. ನಮ್ಮ ಮನೆಯಲ್ಲಿ ಅದು ಮಾಡಿದ ಮೊದಲ ಉಪಕಾರ ಅದು.

ಮೂರನೆಯದಕ್ಕೆ ಅಂಗಡಿಯವರು ಎರಡು ನಿಘಂಟುಗಳ ಮಾದರಿ ಹಾಳೆ ಕಳುಹಿಸಿ, ಆರಿಸಿಕೊಳ್ಳಿ ಎಂದರು. ಎರಡೂ ಇಂಗ್ಲಿಷಿನಿಂದ ಚೀನಿಗೆ. ಒಂದರಲ್ಲಿ ಪ್ರತಿ ಪದಕ್ಕೂ ಉದಾಹರಣೆಯ ವಾಕ್ಯ. ಇಂಥ ಅರ್ಥಕ್ಕೆ ಇಂಥ ಅಕ್ಷರ, ಅಂಥದಕ್ಕೆ ಅಂಥದು ಎಂಬ ವಿವರಣೆ. ಅಚ್ಚು ಸಣ್ಣದು, ಮಸುಕು. ಇನ್ನೊಂದರಲ್ಲಿ ವಾಕ್ಯಗೀಕ್ಯದ ಗೊಡವೆಯಿಲ್ಲ. ಒಂದು ಪದಕ್ಕೆ ಒಂದೋ ಎರಡೋ ಅಕ್ಷರ. ಆದರೆ ಆ ಅಕ್ಷರದ ಅಂದವೇನು! ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಅಂಕಿ ಹಾಕಿ, ಬಾಣದ ಗುರುತಿಟ್ಟು ತೋರಿಸಿದ್ದರು.

“ಯಾವ್ದು ತರುಸ್ತೀರಿ?” ಎಂದಳು ಗೌರಮ್ಮ.

“ಇದನ್ನೇ! ಅಕ್ಷರ ನೋಡು, ಹೇಗೆ ಕುಳಿತಿವೆ!”

“ಆ ಇನ್ನೊಂದ್ರಲ್ಲಿ ಜಾಸ್ತಿ ಬರ್ದವ್ರಲ್ಲ?”

“ಮಾತು ಜಾಸ್ತಿಯಾದ ಕಡೆ ವಿದ್ಯೆ ಕಡಮೆ,” ಎಂದೆ. ಈಗ ಆ ವಾಕ್ಯವನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳೋಣ ಎನ್ನಿಸುತ್ತದೆ.

ಮೂರು ತಿಂಗಳು ಅಭ್ಯಾಸ ಮಾಡಿದೆ. ಸ್ಲೇಟಿನ ಮೇಲೆ, ಶಾಲೆಯ ಬೋರ್ಡಿನ ಮೇಲೆ, ಕೊನೆಗೆ ಬಿದಿರಿನ ಕಡ್ಡಿಗೆ ಕೂದಲು ಕಟ್ಟಿಕೊಂಡ ಕುಂಚದಲ್ಲಿ. ಹೆಡ್‌ಮಾಸ್ಟರು ನೋಡಿ, “ತಮ್ಮ ಕೈಯೇ ಕೈ!” ಎಂದರು. ಆಮೇಲೆ ಒಂದು ಭಾನುವಾರ ಚೀನಪ್ಪನನ್ನು ಕೂರಿಸಿಕೊಂಡು, “ಹೇಳಯ್ಯ,” ಎಂದೆ.

ಅವನು ಬಹಳ ಹೊತ್ತು ಯೋಚಿಸಿದ. “ನಾನು ಚೆನ್ನಾಗಿವ್ನಿ. ಜ್ವರ ಬಂದಿತ್ತು, ಓಯ್ತು. ಯುದ್ದ ಮುಗಿದ್ಮೇಲೆ ಬತ್ತೀನಿ. ಮಗಳ್ನ ಚೆನ್ನಾಗಿ ನೋಡ್ಕೊ.” ಅಷ್ಟು ಹೇಳಿ ಕಣ್ಣೊರೆಸಿಕೊಂಡ. “ಸಾಕು ಮೇಷ್ಟ್ರೇ. ಅವಳಿಗೆ ಇಷ್ಟು ಗೊತ್ತಾದ್ರೆ ಸಾಕು.”

‘ನಾನು’ ಎಂದದ್ದನ್ನು ಅರ್ಜಿಯ ಪದ್ಧತಿಯಂತೆ ‘ವಾಂಗ್’ ಎಂದು ಮಾಡಿ ಇಂಗ್ಲಿಷಿಗೆ ತಿರುಗಿಸಿದೆ. ಒಂದೊಂದೇ ಪದವನ್ನು ನಿಘಂಟಿನಲ್ಲಿ ಹಿಡಿದೆ. ‘ಈಸ್’ ಎಂಬುದಕ್ಕೆ ಎರಡು ಅಕ್ಷರ ಕೊಟ್ಟಿದ್ದರು; ಅಂದವಾದದ್ದನ್ನು ಆರಿಸಿದೆ. ‘ವೆಲ್’ ಎಂಬುದಕ್ಕೆ ಒಂದೇ: ಎರಡು ಅಡ್ಡಗೆರೆ, ಅವನ್ನು ದಾಟುವ ಎರಡು ಉದ್ದಗೆರೆ. ಇಷ್ಟು ಸುಲಭವಾದ ಅಕ್ಷರ ನಮ್ಮ ಕನ್ನಡದಲ್ಲೂ ಇಲ್ಲ! ಎರಡು ದಿನದಲ್ಲಿ ಕಾಗದ ಸಿದ್ಧವಾಯಿತು. ಕೆಳಗೆ ನನ್ನ ಹೆಸರು, ಹುದ್ದೆ, ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದೆ. ವಿದ್ವತ್ತಿಗೆ ಒಡೆಯನಿರಬೇಕಲ್ಲ!

“ಬರ್ದಿದ್ದನ್ನ ಆ ದಪ್ಪ ಪುಸ್ತಕದಲ್ಲಿ ಒಂದ್ಸಲ ತಾಳೆ ನೋಡ್ಬಾರ್ದಾ?” ಎಂದಳು ಗೌರಮ್ಮ.

“ಅದರ ಮೇಲೆ ಕೈಯಿಟ್ಟರೆ ಹಾಲು ಬೆಕ್ಕಿನ ಪಾಲು.”

“ನಂಗೊಂದ್ಸಲ ತೋರ್ಸಿ ಮೇಷ್ಟ್ರೇ,” ಎಂದು ಚೀನಪ್ಪ ಕೈ ಚಾಚಿದ.

“ನಿನಗೆ ಓದಲು ಬರುವುದಿಲ್ಲವಲ್ಲಯ್ಯಾ! ಸುಮ್ಮನೆ ಕೈಗೆ ಮಸಿ,” ಎಂದು ಹೇಳಿ ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಹನ್ನೊಂದು ತಿಂಗಳಾದ ಮೇಲೆ ಉತ್ತರ ಬಂತು. ಲಕೋಟೆಯ ಮೇಲೆ ಮೈತುಂಬ ಮುದ್ರೆ. ಪೋಸ್ಟ್‌ಮನ್ ಅದನ್ನು ಶಾಲೆಗೇ ತಂದುಕೊಟ್ಟ. ಒಳಗೆ ಅರವತ್ತಮೂರು ಅಕ್ಷರ. ಬಿಡಿಬಿಡಿಯಾಗಿ, ದುಂಡಾಗಿ ಬರೆದಿದ್ದರು. ಕಣ್ಣು ಹಾಯಿಸಿದೆ. ನನಗೆ ಗುರುತಾದ ಅಕ್ಷರ ಒಂದೇ: ಎರಡು ಅಡ್ಡಗೆರೆ, ಎರಡು ಉದ್ದಗೆರೆ. ಅದು ಮೂರು ಕಡೆ ಇತ್ತು! ನನಗೆ ಕುಣಿಯುವಂತಾಯಿತು. ಹೊರಗೆ ಓಡಿದೆ. ಚೀನಪ್ಪ ಹೆಗ್ಗಡದೇವನಕೋಟೆಯ ಕಡೆಗೆ ಹೊರಟು ಪೇಟೆಬೀದಿಯಲ್ಲಿ ಸೈಕಲ್ಲಿನ ಗಂಟು ಬಿಗಿಯುತ್ತಿದ್ದ.

“ಚೀನಪ್ಪಾ! ಕಾಗದ ಬಂತು! ಎಲ್ಲ ಕ್ಷೇಮ! ಹೆಂಡತಿ ಕ್ಷೇಮ, ಮಗಳು ಕ್ಷೇಮ, ಅಣ್ಣನೂ ಕ್ಷೇಮ! ಮೂರು ಸಲ ಬರೆದಿದ್ದಾರೆ!”

ಅವನು ಬೀದಿಯಲ್ಲೇ ಕುಳಿತುಬಿಟ್ಟ. ಎದ್ದವನೇ ಅಂಗಡಿಗೆ ಹೋಗಿ ಕಲ್ಲುಸಕ್ಕರೆ ತಂದು ದಾರಿಯಲ್ಲಿ ಹೋಗುವವರಿಗೆಲ್ಲ ಹಂಚಿದ. “ನನ್ ಎಂಡ್ತಿ ಚೆನ್ನಾಗವ್ಳಂತೆ! ಮಗ್ಳು ಚೆನ್ನಾಗವ್ಳಂತೆ!” ಗುರುತಿಲ್ಲದವರೂ ಬಾಯಿ ಸಿಹಿ ಮಾಡಿಕೊಂಡರು. ಕಾಗದ ನೋಡಬೇಕೆಂದ. ಶಾಲೆಯಲ್ಲಿದೆ, ಪೂರ್ತಿ ಓದಿಟ್ಟಿರುತ್ತೇನೆ, ಬಂದ ಮೇಲೆ ನೋಡುವೆಯಂತೆ ಎಂದೆ. ಅವನು ಹಾಡಿಕೊಂಡು ಸೈಕಲ್ ಹತ್ತಿದ. ಕೋಟೆ, ಬೇಗೂರು ಸುತ್ತಿ ಬರುವುದಕ್ಕೆ ಅವನಿಗೆ ಒಂದು ತಿಂಗಳು.

ಆ ಸಂಜೆ ಹಾಲಿನ ಪಾತ್ರೆಯ ಮೇಲಿನಿಂದ ದೊಡ್ಡ ನಿಘಂಟನ್ನು ಇಳಿಸಿದೆ. ಈಗ ಅಕ್ಷರ ಕೈಯಲ್ಲಿತ್ತು, ಅರ್ಥ ಬೇಕಾಗಿತ್ತು. ಆ ಗ್ರಂಥದ ಕಾಲ ಬಂದಿತ್ತು. ಮೊದಲು ಗೊತ್ತಿರುವ ಅಕ್ಷರದಿಂದಲೇ ಶುಭಾರಂಭ ಮಾಡೋಣವೆಂದು ಅದನ್ನೇ ಹುಡುಕಿದೆ. ನಾಲ್ಕೇ ಗೆರೆ, ಬೇಗ ಸಿಕ್ಕಿತು. ಎದುರಿಗೆ ಹೀಗಿತ್ತು: ‘ಬಾವಿ, ನೀರು ಸೇದುವ ಬಾವಿ.’

ಮತ್ತೊಮ್ಮೆ ಓದಿದೆ. ಬಾವಿ.

ಇಂಗ್ಲಿಷಿನಲ್ಲಿ ‘ವೆಲ್’ ಎಂದರೆ ಕ್ಷೇಮವೂ ಹೌದು, ಬಾವಿಯೂ ಹೌದು. ಇದನ್ನು ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ! ಲಕೋಟೆಗೆ ಹಾಕುವ ಮುಂಚೆ ಕಾಪಿ ಇಟ್ಟುಕೊಂಡಿದ್ದ ನನ್ನ ಕಾಗದವನ್ನು ತೆಗೆದು ಒಂದೊಂದೇ ಅಕ್ಷರ ತಾಳೆ ನೋಡಿದೆ. ನಾನು ಅಂದಕ್ಕೆ ಆರಿಸಿದ ‘ಈಸ್’ ಎಂದರೆ ‘ಇಂಥ ಕಡೆ ಇರುವುದು’. ಅಂದರೆ: ‘ವಾಂಗ್ ಬಾವಿಯಲ್ಲಿದ್ದಾನೆ.’ ಜ್ವರ ಹೋಯಿತು ಎಂದು ಬರೆದದ್ದು: ‘ಮೈಯ ಬಿಸಿ ಆರಿತು.’ ಬರುತ್ತೇನೆ ಎನ್ನುವುದಕ್ಕೆ ಇಂಗ್ಲಿಷಿನ ‘ವಿಲ್’ ಹುಡುಕಿದ್ದೆನಲ್ಲ? ವಿಲ್ ಎಂದರೆ ಉಯಿಲು! ‘ಯುದ್ಧ ಮುಗಿದ ಮೇಲೆ ಉಯಿಲು ಬರುತ್ತದೆ. ಮಗಳನ್ನು ಚೆನ್ನಾಗಿ ನೋಡಿಕೊ.’

ಇಡೀ ಕಾಗದದಲ್ಲಿ ನಾನು ತಪ್ಪಿಲ್ಲದೆ ಬರೆದದ್ದು ಆ ಕೊನೆಯ ವಾಕ್ಯವೊಂದೇ. ಅದೇ ಉಳಿದದ್ದನ್ನೆಲ್ಲ ನಿಜ ಮಾಡಿತ್ತು.

ಗೌರಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕುಳಿತಿದ್ದವಳು ಎದ್ದು ನಿಂತಳು. “ಅಂಗಂದ್ರೆ... ಬದುಕಿರೋನ್ನ ಸಾಯ್ಸಿ ಕಾಗದ ಹಾಕ್ಬುಟ್ರಾ?” ನನ್ನ ಹೆಂಡತಿ ಜೀವನದಲ್ಲಿ ಮೊದಲ ಸಲ ನನ್ನನ್ನು ಬೈಯಲಿಲ್ಲ. ಅದನ್ನು ತಡೆಯುವುದು ಬೈಗುಳಕ್ಕಿಂತ ಕಷ್ಟವಾಯಿತು.

ಉಳಿದ ಅಕ್ಷರಗಳನ್ನು ಹುಡುಕಲು ಇಪ್ಪತ್ತಾರು ದಿನ ಹಿಡಿಯಿತು. ಪ್ರತಿದಿನವೂ, ನನ್ನ ಊಹೆ ಸುಳ್ಳಾಗಲಿ ಎಂದು ದೇವರಿಗೆ ಕೈಮುಗಿದು ಪುಸ್ತಕ ತೆರೆಯುತ್ತಿದ್ದೆ. ನನ್ನ ಉಳಿದೆಲ್ಲ ಕೆಲಸದಲ್ಲಿ ತಪ್ಪುತ್ತಿದ್ದ ಊಹೆ ಇದರಲ್ಲಿ ಮಾತ್ರ ತಪ್ಪಲಿಲ್ಲ. ಚೀನಪ್ಪನ ಅಣ್ಣ ಹೇಳಿ ಆ ಊರಿನ ಶಾಲೆಯ ಮೇಷ್ಟ್ರು ಬರೆದ ಕಾಗದ ಅದು. ಅಲ್ಲಿಯೂ ಒಬ್ಬ ಮೇಷ್ಟ್ರು! ಒಟ್ಟು ಅರ್ಥ ಹೀಗಿತ್ತು: ‘ಮಾನ್ಯ ಉಪಾಧ್ಯಾಯರಿಗೆ. ನನ್ನ ತಮ್ಮ ಬಾವಿಗೆ ಬಿದ್ದ ಸುದ್ದಿ ತಲುಪಿತು. ದೇಹವಿಲ್ಲದ್ದರಿಂದ ಅವನ ಅಂಗಿಯನ್ನು ಮಣ್ಣು ಮಾಡಿದೆವು. ಯುದ್ಧ ಹತ್ತಿರ ಬಂದಿದೆ. ಅವನ ಹೆಂಡತಿಯನ್ನು ಪಡುವಣ ಬೆಟ್ಟದ ಕಡೆಯ ಗಿರಣಿಯವನೊಬ್ಬನಿಗೆ ಮದುವೆ ಮಾಡಿಕೊಟ್ಟೆವು. ಮಗಳೂ ಜೊತೆಗೆ ಹೋದಳು. ಅವನನ್ನು ಬಾವಿಯಿಂದ ಎತ್ತಿಸಿದಿರಾ? ಆ ಬಾವಿಯ ನೀರನ್ನು ಊರಿನವರು ಕುಡಿಯದಿರಲಿ. ತಮ್ಮ ಅಕ್ಷರ ಬಹಳ ಸುಂದರ.’

ಚೀನಪ್ಪ ಕೋಟೆಯಿಂದ ಬಂದ ದಿನ ನಾನು ಹೊಟ್ಟೆನೋವೆಂದು ಮಲಗಿದೆ. ಎರಡನೆಯ ದಿನವೂ ಮಲಗಿದೆ. ಮೂರನೆಯ ದಿನ ಗೌರಮ್ಮ ಚಾಪೆಯನ್ನೇ ಎಳೆದಳು. “ಎದ್ದು ಹೇಳ್ಬುಡಿ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ.”

ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದೆ. ವೆಲ್ ಎಂದರೆ ಏನು, ವಿಲ್ ಎಂದರೆ ಏನು, ನಿಘಂಟುಗಳಲ್ಲಿ ಎಷ್ಟು ಬಗೆ, ಎಲ್ಲವನ್ನೂ ಶಾಲೆಯಲ್ಲಿ ಪಾಠ ಹೇಳುವಂತೆ ಹೇಳಿದೆ. ಅಷ್ಟು ಹೊತ್ತಿನಲ್ಲೂ ವ್ಯಾಕರಣ! ಅಂಗಿ ಮಣ್ಣು ಮಾಡಿದ್ದು, ಗಿರಣಿಯವನು, ಮಗಳು, ಎಲ್ಲ ಹೇಳಿ ಮುಗಿಸಿದೆ.

“ಕಾಗದ ತೋರ್ಸಿ,” ಎಂದ.

ಕೊಟ್ಟೆ. ಅವನು ಬೆರಳಿಟ್ಟುಕೊಂಡು ಸಾಲಿನ ಮೇಲೆ ನಿಧಾನವಾಗಿ ಇಳಿದು ಬಂದ. ಒಂದು ಕಡೆ ಬೆರಳು ನಿಂತಿತು. ಎರಡು ಅಡ್ಡಗೆರೆ, ಎರಡು ಉದ್ದಗೆರೆ.

“ಇದು ಬಾವಿ,” ಎಂದ.

“ನಿನಗೆ... ಓದಲು ಬರುವುದಿಲ್ಲವಲ್ಲ?”

“ಇದೊಂದ್ ಬತ್ತದೆ ಮೇಷ್ಟ್ರೇ. ನಮ್ಮೂರ ಬಾವಿ ಕಟ್ಟೆ ಕಲ್ಮೇಲೆ ಕೆತ್ತವ್ರೆ. ಚಿಕ್ಕೋನಾಗಿದ್ದಾಗ ಅದ್ರ ಮೇಲೇ ಕೂತ್ಕಂತಿದ್ದೆ.” ಬೆರಳು ತೆಗೆಯದೆ ಕೇಳಿದ: “ನೀವು ಬರ್ದಿದ್ರಲ್ಲೂ ಇದಿತ್ತಾ?”

ಇತ್ತು. ಮೊದಲ ಸಾಲಿನಲ್ಲೇ ಇತ್ತು. ಅವನು ಕೈ ಚಾಚಿದಾಗ ನಾನು ಕೊಟ್ಟಿದ್ದರೆ ಸಾಕಾಗಿತ್ತು. ನಾನು ತಲೆಯಾಡಿಸಿದೆ.

ಗೌರಮ್ಮ ಅಕ್ಕಿರೊಟ್ಟಿ ತಂದಿಟ್ಟಳು. ಅವನು ಮುಟ್ಟಲಿಲ್ಲ. “ಅಕ್ಕಾ, ಮಗ್ಳಿಗೆ ಈಗ ಹನ್ನೊಂದು ವರ್ಸ. ಗಿರಣಿಯೋನ ಮನೇಲಿ ಊಟಕ್ಕೇನೂ ಕಮ್ಮಿ ಇರಲ್ಲ, ಅಲ್ವಾ?”

“ಇರಲ್ಲ ಕಣಪ್ಪ,” ಎಂದಳು ಗೌರಮ್ಮ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಇಷ್ಟಾದ ಮೇಲೆ ಮನುಷ್ಯನಾದವನು ಸುಮ್ಮನಿರಬೇಕು. ನಾನು ಉಪಾಧ್ಯಾಯ! “ಚೀನಪ್ಪ, ತಿದ್ದುಪಡಿಯ ಕಾಗದ ಇನ್ನೊಂದು ಬರೆದುಬಿಡಲೇ? ಈ ಸಲ ದೊಡ್ಡ ನಿಘಂಟನ್ನೂ ನೋಡುತ್ತೇನೆ,” ಎಂದೆ.

ಅವನು ಎರಡು ಕೈಯನ್ನೂ ಎತ್ತಿ ಮುಗಿದ. “ಬ್ಯಾಡಿ ಮೇಷ್ಟ್ರೇ. ಒಂದ್ಸಲ ಸತ್ತಿವ್ನಿ. ಸಾಕು.”

ಹದಿನೈದು ದಿನದಲ್ಲಿ ಅವನು ಉಳಿದ ಬಟ್ಟೆಯನ್ನೆಲ್ಲ ಮಾರಿ, ಸೈಕಲ್ಲನ್ನೂ ಮಾರಿ, ಕಲ್ಕತ್ತೆಗೆ ಹೊರಟ. ಅಲ್ಲಿಂದ ಬರ್ಮಾದ ಮೇಲೆ ದಾರಿಯಿದೆಯೋ ಮುಚ್ಚಿದೆಯೋ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯನ್ನು ಕರೆತರುತ್ತೀಯಾ ಎಂದು ಗೌರಮ್ಮ ಕೇಳಿದಳಂತೆ. “ಇಲ್ಲ ಅಕ್ಕ. ದೂರದಿಂದ ನೋಡ್ಕಂಡ್ ಬತ್ತೀನಿ,” ಎಂದನಂತೆ.

ಕೃಷ್ಣರಾಜನಗರದ ಸ್ಟೇಷನ್ನಿನವರೆಗೆ ನಾನೂ ಜೊತೆಗೆ ಹೋದೆ. ಬಸ್ಸಿನುದ್ದಕ್ಕೂ ಒಂದು ಕ್ಷಮಾಪಣೆಯ ಭಾಷಣವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ. ‘ಅಜ್ಞಾನಜನ್ಯವಾದ ಅಪರಾಧ’ ಎಂದು ಅದರ ಆರಂಭ. ರೈಲು ಬಂದಾಗ ಒಂದು ಪದವೂ ಹೊರಡಲಿಲ್ಲ. ಅವನೇ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡ.

“ಊರೊಳಕ್ಕೆ ಕಾಲಿಟ್ರೆ ಎಲ್ರೂ ದೆವ್ವ ಬಂತು ಅಂತ ಓಡ್ತಾರೆ ಮೇಷ್ಟ್ರೇ,” ಎಂದು ನಕ್ಕ. ನನ್ನನ್ನು ನಗಿಸುವುದಕ್ಕೆ ಹೇಳಿದ್ದು ಅದು. ನಾನು ನಗಲಿಲ್ಲ. ರೈಲು ಹೋಯಿತು. ಆಮೇಲೆ ಅವನ ಸುದ್ದಿ ಬರಲಿಲ್ಲ. ಬರೆಯುವುದಕ್ಕೆ ಅವನಿಗೆ ಬರುವುದಿಲ್ಲ. ಬರೆಸುವುದಕ್ಕೆ ಧೈರ್ಯ ಬಂದಿರಲಾರದು.

ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಳಿತಿದ್ದೆ. ಒಬ್ಬ ಹಮಾಲಿ ನನ್ನ ರುಮಾಲು, ಕೋಟು, ಜೇಬಿನ ಪೆನ್ನು ಎಲ್ಲವನ್ನೂ ನೋಡಿ ಹತ್ತಿರ ಬಂದ. ಕೈಯಲ್ಲಿ ಒಂದು ಕಾರ್ಡಿತ್ತು.

“ಬುದ್ದೀ, ಊರಿಗೊಂದು ಕಾಗದ ಬರ್ಕೊಡ್ತೀರಾ? ಎಲ್ಡೇ ಮಾತು. ನಾನು ಚೆನ್ನಾಗಿವ್ನಿ ಅಂತ.”

ಕನ್ನಡವೇ. ನನ್ನ ಸ್ವಂತ ಕನ್ನಡ. ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

“ಊರಲ್ಲಿ ಹೆಂಡತಿ ಇದ್ದಾಳೇನಪ್ಪ?” ಎಂದು ಕೇಳಿದೆ.

“ಅವ್ಳೆ ಬುದ್ದಿ.”

“ಹಾಗಾದರೆ ಬೇರೆ ಯಾರನ್ನಾದರೂ ಕೇಳು,” ಎಂದೆ.